ಪುರಾತನ ಮಾನವ ಅಸ್ಥಿಪಂಜರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾಲದ ಮನುಷ್ಯರ ಮೂಳೆಗಳ ಬಗ್ಗೆ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇವೆ. ಸುಲಭದವು ಮೊದಲು, ಪ್ರಯೋಗಾಲಯದ ಗೋಜಲುಗಳು ಆಮೇಲೆ. ಯಾವುದನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಆರಂಭದ ಪ್ರಶ್ನೆಗಳು

ಪಾಯ ತೋಡುವಾಗ ಮನುಷ್ಯರ ಮೂಳೆ ಥರ ಏನೋ ಸಿಕ್ಕಿದೆ. ಈಗ ಏನು ಮಾಡಬೇಕು?

ಅಗೆಯುವುದನ್ನು ನಿಲ್ಲಿಸಿ. ಮೂಳೆಯನ್ನು ಎತ್ತಬೇಡಿ, ಒರೆಸಬೇಡಿ. ಆಗಲೇ ಹೊರಬಂದದ್ದನ್ನು ಮತ್ತೆ ಗುಂಡಿಯಲ್ಲಿ ಜೋಡಿಸಿಡುವ ಉಸಾಬರಿಯೂ ಬೇಡ. ಮೊದಲ ಕರೆ ಪೊಲೀಸರಿಗೆ. ಮೂಳೆ ಹತ್ತು ವರ್ಷದ್ದೋ ಸಾವಿರ ವರ್ಷದ್ದೋ ಎಂದು ಗುಂಡಿಯ ಅಂಚಿನಲ್ಲಿ ನಿಂತು ಹೇಳುವುದು ಕಷ್ಟ. ಇತ್ತೀಚಿನದಾದರೆ ಅದು ಅಪರಾಧದ ಸಾಕ್ಷ್ಯವೂ ಆಗಿರಬಹುದು. ಹಳೆಯದೆಂದು ಕಂಡರೆ ಮುಂದಿನದು ಪುರಾತತ್ತ್ವ ಇಲಾಖೆಯ ಕೆಲಸ.

ಅವರು ಬರುವವರೆಗೆ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೊ ತೆಗೆಯಿರಿ, ನೆಲದ ಮಟ್ಟದಿಂದ ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳಿ, ಬಿಸಿಲು ಬೀಳದಂತೆ ಮೇಲೊಂದು ನೆರಳು ಕಟ್ಟಿ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಮೂಳೆಯ ಮೇಲೆ ಹೊದಿಸಬೇಡಿ, ಒಳಗೆ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಗೆದು ಹಾಕಿದ ಮಣ್ಣಿನ ರಾಶಿಯನ್ನು ಸಾಗಿಸಬೇಡಿ. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣದ ಕಲ್ಲು ತೆಗೆಯುತ್ತಿದ್ದವರು ಗುಹೆಯ ಮಣ್ಣನ್ನು ಹೊರಗೆ ಎಸೆದರು. ಕೈಗೆ ಸಿಕ್ಕ ದೊಡ್ಡ ಮೂಳೆಗಳಷ್ಟೇ ಶಿಕ್ಷಕ ಯೋಹಾನ್ ಕಾರ್ಲ್ ಫೂಲ್ರಾಟ್ ಅವರಿಗೆ ತಲುಪಿದವು. 1997 ಮತ್ತು 2000ರಲ್ಲಿ ಸಂಶೋಧಕರು ಆ ಎಸೆದ ಮಣ್ಣನ್ನೇ ಪತ್ತೆ ಹಚ್ಚಿ ಜಾಲಾಡಿದಾಗ, ಹಳೆಯ ತೊಡೆ ಮೂಳೆಗೆ ಸರಿಯಾಗಿ ಕೂರುವ ಚೂರೂ ಸಿಕ್ಕಿತು.

ಅದು ಮನುಷ್ಯರದೋ ಪ್ರಾಣಿಯದೋ ಅಂತ ಹೇಗೆ ಗೊತ್ತಾಗುತ್ತೆ?

ಬುರುಡೆ, ದವಡೆ, ಸೊಂಟದ ಮೂಳೆ ಇದ್ದರೆ ಗೊಂದಲವಿಲ್ಲ. ಕೈಕಾಲಿನ ಬಿಡಿ ಮೂಳೆಗಳಲ್ಲೇ ಎಡವುವುದು. ನೋಡಬೇಕಾದದ್ದು ತುದಿಗಳಲ್ಲಿರುವ ಕೀಲಿನ ಆಕಾರವನ್ನು, ಉದ್ದವನ್ನಲ್ಲ. ಚರ್ಮ ಸುಲಿದ ಕರಡಿಯ ಪಂಜದ ಮೂಳೆಗಳು ಮನುಷ್ಯರ ಕೈಯನ್ನು ಎಷ್ಟು ಹೋಲುತ್ತವೆಂದರೆ ಪೊಲೀಸರನ್ನೂ ವೈದ್ಯರನ್ನೂ ಏಮಾರಿಸಿವೆ. ಎಳೆ ಮಗುವಿನ ಮೂಳೆಗಳ ಪಾಡು ಇದಕ್ಕೆ ಉಲ್ಟಾ: ತುದಿಗಳು ಇನ್ನೂ ಕೂಡಿಕೊಂಡಿರದ ಕಾರಣ ಅವನ್ನು ಹಕ್ಕಿಯ ಅಥವಾ ಸಣ್ಣ ಪ್ರಾಣಿಯ ಮೂಳೆಯೆಂದು ಪಕ್ಕಕ್ಕೆ ಹಾಕಿಬಿಡುತ್ತಾರೆ. ಆಕಾರವೇ ಉಳಿಯದ ಚೂರಾದರೆ ಅದರ ಕೊಲಾಜೆನ್ ಪ್ರೋಟೀನನ್ನು ಪರೀಕ್ಷಿಸಿ ಯಾವ ಪ್ರಾಣಿಗುಂಪಿನದೆಂದು ಹೇಳಬಹುದು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚೂರುಗಳನ್ನು ಹೀಗೆ ಸೋಸಿದಾಗ ಮನುಷ್ಯ ಕುಲದ ಒಂದು ಚೂರು ಸಿಕ್ಕಿತು. ಅದು ನಿಯಾಂಡರ್ತಾಲ್ ತಾಯಿಗೂ ಡೆನಿಸೋವನ್ ತಂದೆಗೂ (ಎರಡೂ ಈಗ ಅಳಿದುಹೋದ ಮಾನವ ಗುಂಪುಗಳು) ಹುಟ್ಟಿದ ಹುಡುಗಿಯದೆಂದು 2018ರಲ್ಲಿ ಪ್ರಕಟವಾಯಿತು.

ಮೂಳೆಯ ಬಣ್ಣ ನೋಡಿ ಎಷ್ಟು ಹಳೆಯದು ಅಂತ ಹೇಳಬಹುದಾ?

ಆಗದು. ಬಣ್ಣ ಬರುವುದು ಮಣ್ಣಿನಿಂದ. ಕಬ್ಬಿಣದ ಅಂಶವಿದ್ದರೆ ಕೆಂಗಂದು, ಮ್ಯಾಂಗನೀಸ್ ಇದ್ದರೆ ಕಪ್ಪು, ಪಕ್ಕದಲ್ಲಿ ತಾಮ್ರದ ಬಳೆಯಿದ್ದರೆ ಹಸಿರು. ಐವತ್ತು ವರ್ಷದ ಮೂಳೆಯೂ ಗಾಢ ಕಂದಾಗಿರಬಹುದು. 1912ರಲ್ಲಿ ಇಂಗ್ಲೆಂಡಿನಲ್ಲಿ ಮನುಷ್ಯರ ಪೂರ್ವಜನೆಂದು ಘೋಷಿಸಿದ ‘ಪಿಲ್ಟ್‌ಡೌನ್ ಮಾನವ’ನ ದವಡೆ ಒರಾಂಗುಟಾನಿನದು, ಹಳತಾಗಿ ಕಾಣಲೆಂದು ಬಣ್ಣ ಕಟ್ಟಿದ್ದು. ಮೋಸ ಬಯಲಾದದ್ದು 1953ರಲ್ಲಿ. ಅಂದ ಹಾಗೆ, ಮೂಳೆ ನಾಲಿಗೆಗೆ ಅಂಟಿದರೆ ಹಳೆಯದು ಎಂಬ ನಂಬಿಕೆಯೊಂದಿದೆ. ನಾಲಿಗೆಗೆ ತಿಳಿಯುವುದು ಮೂಳೆ ಎಷ್ಟು ರಂಧ್ರಮಯ ಎಂಬುದಷ್ಟೇ. ಮೇಲಾಗಿ ನೆಕ್ಕಿದವರ ಡಿಎನ್‌ಎ ಅದಕ್ಕೆ ಮೆತ್ತಿಕೊಳ್ಳುತ್ತದೆ.

ಕೆಲವು ಕಡೆ ಇಡೀ ಅಸ್ಥಿಪಂಜರ ಸಿಗುತ್ತೆ, ಕೆಲವು ಕಡೆ ಹಲ್ಲು ಮಾತ್ರ. ಯಾಕೆ ಹೀಗೆ?

ಒಣ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ, ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್. ಆಮ್ಲೀಯ ಮಣ್ಣು ಖನಿಜವನ್ನು ಕರಗಿಸುತ್ತದೆ, ಶಾಖ ಮತ್ತು ಸೂಕ್ಷ್ಮಜೀವಿಗಳು ಕೊಲಾಜೆನ್ ತಿನ್ನುತ್ತವೆ. ಸುಣ್ಣದ ಕಲ್ಲಿನ ಗುಹೆಯಲ್ಲಿ ಮೂಳೆ ಚೆನ್ನಾಗಿ ಉಳಿಯುವುದೂ ಮಳೆ ಜಾಸ್ತಿಯಿರುವ ಆಮ್ಲೀಯ ನೆಲದಲ್ಲಿ ಸಮಾಧಿಯ ಗುರುತು ಮಾತ್ರ ಉಳಿಯುವುದೂ ಇದರಿಂದಲೇ. ಉತ್ತರ ಯುರೋಪಿನ ಪೀಟ್ ಜೌಗುಗಳಲ್ಲಿ ಚರ್ಮ, ಕೂದಲು ಉಳಿದು ಮೂಳೆ ಕರಗಿಹೋಗಿರುವ ದೇಹಗಳು ಸಿಕ್ಕಿವೆ.

ನೀರು ಏರಿಳಿಯುವ ಜಾಗ ಎಲ್ಲಕ್ಕಿಂತ ಕೆಟ್ಟದ್ದು. ಸದಾ ಒದ್ದೆ ಅಥವಾ ಸದಾ ಒಣಗಿದ್ದರೆ ಮೂಳೆ ತಡೆದುಕೊಳ್ಳುತ್ತದೆ, ಪ್ರತಿ ವರ್ಷ ನೆನೆದು ಒಣಗಿದರೆ ಪದರ ಪದರವಾಗಿ ಏಳುತ್ತದೆ. ಹಲ್ಲಿನ ಎನಾಮೆಲ್ ಬಹುಮಟ್ಟಿಗೆ ಖನಿಜವೇ ಆದ್ದರಿಂದ ಕೊನೆಯವರೆಗೆ ನಿಲ್ಲುತ್ತದೆ. ಮೊದಲು ಹೋಗುವುದು ಪಕ್ಕೆಲುಬು, ಎದೆಮೂಳೆ, ಬೆನ್ನುಮೂಳೆಯ ಮಣಿಗಳಂಥ ಟೊಳ್ಳು ಮೂಳೆಗಳು.

ಮೂಳೆ, ಪಳೆಯುಳಿಕೆ ಎರಡೂ ಒಂದೇ ಅಲ್ವಾ?

ಮೂಳೆಯ ರಂಧ್ರಗಳಲ್ಲಿ ಅಂತರ್ಜಲದ ಖನಿಜ ತುಂಬಿಕೊಂಡು ಅದು ಕಲ್ಲಿನಂತೆ ಗಟ್ಟಿ, ಭಾರ ಆದಾಗ ಪಳೆಯುಳಿಕೆ. ಇದಕ್ಕೆ ಇಷ್ಟೇ ವರ್ಷ ಎಂಬ ಲೆಕ್ಕವಿಲ್ಲ. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ ಸಿಕ್ಕ ಪುಟ್ಟ ಮಾನವನ ಮೂಳೆಗಳು ಹತ್ತಾರು ಸಾವಿರ ವರ್ಷ ಹಳೆಯವಾದರೂ ಕಲ್ಲಾಗಿರಲಿಲ್ಲ, ನೆನೆದ ರಟ್ಟಿನಷ್ಟು ಮೆತ್ತಗಿದ್ದವು.

ಇಂಥವು ಅದೃಷ್ಟದಿಂದ ಸಿಗುತ್ತವಾ, ಹುಡುಕಿದರೆ ಸಿಗುತ್ತವಾ?

ಎರಡೂ. ಸಮಾಧಿಗಳಾದರೆ ನೆಲದ ಮೇಲಿನ ಕಲ್ಲಿನ ವೃತ್ತ, ದಿಬ್ಬ, ಮಣ್ಣಿನ ಬಣ್ಣದ ಬದಲಾವಣೆ ದಾರಿ ತೋರಿಸುತ್ತವೆ. ನೆಲದೊಳಗೆ ತರಂಗ ಬಿಡುವ ರಾಡಾರ್ ಗುಂಡಿಯ ಅಂಚನ್ನು ಹಿಡಿಯುತ್ತದೆ. ಅದು ಮೂಳೆಯನ್ನೇ ತೋರಿಸುತ್ತದೆ ಎಂದುಕೊಂಡವರು ಬಹಳ ಮಂದಿ. ತೋರಿಸುವುದು ಕದಡಿದ ಮಣ್ಣನ್ನು.

ಲಕ್ಷಾಂತರ ವರ್ಷ ಹಿಂದಿನದಕ್ಕೆ ಸಮಾಧಿಯ ಗುರುತೇ ಇರುವುದಿಲ್ಲ. ಆಗ ಮೊದಲು ಸರಿಯಾದ ಕಾಲದ ಪದರ ಸವೆದು ಹೊರಬಿದ್ದಿರುವ ಜಾಗವನ್ನು ಭೂವಿಜ್ಞಾನದಿಂದ ಗುರುತಿಸಿ, ಮಳೆ ಕಳೆದ ಮೇಲೆ ಸಾಲಾಗಿ ನಡೆದು ನೆಲ ನೋಡುತ್ತಾರೆ. 1974ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ‘ಲೂಸಿ’ ಎಂಬ ಆದಿಮಾನವ ಅಸ್ಥಿಪಂಜರದ ಮೊದಲ ಗುರುತು ಕಂಡದ್ದು ಇಳಿಜಾರಿನಲ್ಲಿ ಬಿದ್ದಿದ್ದ ತೋಳಿನ ಮೂಳೆಯ ತುಂಡಿನಿಂದ. 1984ರಲ್ಲಿ ಕೆನ್ಯಾದ ಕಮೋಯಾ ಕಿಮೆಯು ಅವರ ಕಣ್ಣಿಗೆ ಬಿದ್ದದ್ದು ಹಣೆ ಮೂಳೆಯ ಒಂದು ಚಿಕ್ಕ ಚೂರು. ಅದರ ಬೆನ್ನು ಹತ್ತಿದಾಗ ಸುಮಾರು 15 ಲಕ್ಷ ವರ್ಷ ಹಿಂದಿನ ‘ತುರ್ಕಾನಾ ಬಾಲಕ’ನ ನೂರಕ್ಕೂ ಹೆಚ್ಚು ಮೂಳೆ ಸಿಕ್ಕವು. ನರ್ಮದಾ ದಡದ ಹಥನೋರಾದಲ್ಲಿ 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ಬುರುಡೆಯ ಭಾಗವೂ ಇಂಥ ಕ್ಷೇತ್ರ ಶೋಧದ್ದೇ.

## ನೆಲದಿಂದ ಮೇಲೆತ್ತುವಾಗ

ಅಸ್ಥಿಪಂಜರವನ್ನು ಮಣ್ಣಿನಿಂದ ಬಿಡಿಸುವುದು ಹೇಗೆ? ಹಂತ ಹಂತವಾಗಿ ಹೇಳಿ.

ಮೊದಲು ಸಮಾಧಿ ಗುಂಡಿಯ ಅಂಚನ್ನು ಗುರುತಿಸಬೇಕು. ತುಂಬಿದ ಮಣ್ಣು ಸುತ್ತಲಿನದಕ್ಕಿಂತ ಸಡಿಲ, ಬಣ್ಣವೂ ಬೇರೆ. ಅಂಚು ಕಾಣದೆ ನೇರ ಮೂಳೆಗೆ ಇಳಿದರೆ ಗುಂಡಿಯನ್ನು ಯಾವ ಪದರದಿಂದ ತೋಡಿದ್ದರು ಎಂಬುದು ಕೈತಪ್ಪುತ್ತದೆ, ಅದರ ಜೊತೆಗೆ ಕಾಲವೂ.

ಮೂಳೆ ಕಂಡ ಮೇಲೆ ಕರಣೆ ಬದಿಗಿಟ್ಟು ಬಿದಿರಿನ ಕಡ್ಡಿ, ಮರದ ಚಮಚ, ಮೆತ್ತನೆ ಬ್ರಷ್ ಹಿಡಿಯಬೇಕು. ಲೋಹದ ಮೊನೆ ತಾಗಿದರೆ ಬೀಳುವ ಗೀರನ್ನು ಮುಂದೆ ಯಾರಾದರೂ ಕತ್ತಿಯ ಗಾಯ ಎಂದು ಓದಿಯಾರು. ಬುರುಡೆಯಿಂದ ಪಾದದ ಕಡೆಗೆ, ನಡುವಿನಿಂದ ಅಂಚಿಗೆ ಮಣ್ಣು ತೆಗೆಯುತ್ತಾ, ಪ್ರತಿ ಮೂಳೆಯನ್ನು ಅರ್ಧದಷ್ಟು ಮಾತ್ರ ಹೊರಗೆ ಕಾಣಿಸಿ ಅಲ್ಲೇ ಬಿಡಬೇಕು. ಅಡಿಯ ಮಣ್ಣು ಕೊರೆದರೆ ಮೂಳೆ ತನ್ನ ಭಾರಕ್ಕೇ ಮುರಿಯುತ್ತದೆ. ಕೈಬೆರಳು ಮತ್ತು ಪಾದಗಳಿಗೆ ಕೊನೆಯ ಸರದಿ, ಏಕೆಂದರೆ ಒಮ್ಮೆ ಬಿಡಿಸಿದರೆ ಅವು ಜಾಗದಲ್ಲಿ ನಿಲ್ಲುವುದಿಲ್ಲ.

ಇಡೀ ದೇಹ ಕಂಡಾಗ ದಾಖಲೆ ಮಾಡಬೇಕು: ಉತ್ತರ ದಿಕ್ಕಿನ ಬಾಣ, ಅಳತೆಗೋಲು ಇಟ್ಟು ಮೇಲಿನಿಂದ ಫೋಟೊ, ಎಲ್ಲ ಕೋನಗಳಿಂದ ಒಂದರ ಮೇಲೊಂದು ಹೊಂದುವಂಥ ಚಿತ್ರಗಳು, ಮೂರು ಆಯಾಮದ ಮಾದರಿ ಕಟ್ಟಲು, ತಲೆ, ಸೊಂಟ, ಪಾದಗಳ ಆಳ, ತಲೆಯ ದಿಕ್ಕು, ಮುಖ ತಿರುಗಿದ ಕಡೆ, ಕೈಕಾಲಿನ ಭಂಗಿ, ಯಾವ ಕೀಲು ಕೂಡಿಕೊಂಡಿದೆ, ಯಾವುದು ಬಿಟ್ಟಿದೆ. ಬೆರಳಿನಂಥ ಬೇಗ ಸಡಿಲಾಗುವ ಕೀಲುಗಳು ಜೋಡಣೆಯಲ್ಲೇ ಇದ್ದರೆ ದೇಹವನ್ನು ಸತ್ತ ಸ್ವಲ್ಪ ಕಾಲದಲ್ಲೇ ಹೂಳಿದ್ದಾರೆ ಎಂದರ್ಥ. ಮೂಳೆಯನ್ನು ಎತ್ತಿದ ಮರುಕ್ಷಣ ಈ ಮಾಹಿತಿ ಮಾಯ, ಯಾವ ಪ್ರಯೋಗಾಲಯವೂ ಅದನ್ನು ಮರಳಿ ಕೊಡಲಾರದು.

ಎತ್ತುವಾಗ ಮೇಲಿರುವುದು ಮೊದಲು. ಎಡಗೈ, ಬಲಗೈ, ಎಡಪಾದ, ಬಲಪಾದ, ಎಡ ಪಕ್ಕೆಲುಬು, ಬಲ ಪಕ್ಕೆಲುಬು ಎಲ್ಲಕ್ಕೂ ಬೇರೆ ಬೇರೆ ಚೀಲ. ಪ್ರಯೋಗಾಲಯದಲ್ಲಿ ಬೆರಳಿನ ಮೂಳೆಗಳನ್ನು ಎಡ–ಬಲ ಬೇರ್ಪಡಿಸುವುದು ಪ್ರಯಾಸದ ಕೆಲಸ, ಗುಂಡಿಯಲ್ಲಿ ಅದು ಒಂದು ಚೀಟಿಯ ಮಾತು. ಅಡಿಯಲ್ಲಿ ಉಳಿದ ಮಣ್ಣನ್ನು 2 ಮಿ.ಮೀ. ಅಥವಾ ಇನ್ನೂ ಸಣ್ಣ ಜರಡಿಯಲ್ಲಿ ಹಿಡಿಯಬೇಕು. ಮಂಡಿಚಿಪ್ಪು, ಗಂಟಲಿನ ಹಯಾಯ್ಡ್ ಮೂಳೆ, ಬಿದ್ದುಹೋದ ಒಂದೇ ಬೇರಿನ ಹಲ್ಲು, ಮೂತ್ರಕೋಶದ ಕಲ್ಲು ಎಲ್ಲ ಸಿಗುವುದು ಜರಡಿಯಲ್ಲಿ.

ಸೊಂಟದ ಮೂಳೆಯ ಒಳಗಿನ ಮಣ್ಣನ್ನು ಪ್ರತ್ಯೇಕ ತೆಗೆದಿಡಿ, ಹೋಲಿಕೆಗೆ ಬುರುಡೆಯ ಬಳಿಯದೂ ಸಮಾಧಿಯ ಹೊರಗಿನದೂ ಬೇಕು. ಲೆಸ್ಟರ್‌ನಲ್ಲಿ 2012ರಲ್ಲಿ ಕಾರು ನಿಲ್ದಾಣದ ಅಡಿ ಸಿಕ್ಕ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಕರುಳಿನಲ್ಲಿ ದುಂಡುಹುಳು ಇತ್ತೆಂದು ಗೊತ್ತಾದದ್ದು ಹೀಗೆ. ಸೊಂಟದ ಭಾಗದ ಮಣ್ಣಿನಲ್ಲಿ ಹುಳುವಿನ ಮೊಟ್ಟೆಗಳಿದ್ದವು, ಬುರುಡೆಯ ಮಣ್ಣಿನಲ್ಲಿ ಇರಲಿಲ್ಲ.

ಒಬ್ಬ ವಯಸ್ಕರ ಅಸ್ಥಿಪಂಜರಕ್ಕೆ ನುರಿತವರಿಗೂ ಒಂದೆರಡು ದಿನ ಹಿಡಿಯಬಹುದು. ಸಂಜೆಯೊಳಗೆ ಮುಗಿಸುತ್ತೇವೆ ಎಂದು ಹೊರಟಲ್ಲೇ ಹೆಚ್ಚು ಹಾಳಾಗುವುದು.

ಮೂಳೆ ಪುಡಿಪುಡಿ ಆಗ್ತಿದ್ರೆ ಗಮ್ ಹಚ್ಚಿ ಎತ್ತಬಹುದಾ?

ಕೊನೆಯ ಉಪಾಯವಾಗಿ ಮಾತ್ರ, ಅದೂ ಅಂಗಡಿಯ ಬಿಳಿ ಗಮ್ ಅಲ್ಲ. ಅದು ಕಾಲಾಂತರದಲ್ಲಿ ಹಳದಿಗಟ್ಟುತ್ತದೆ, ಬಿಡಿಸಲು ಬರುವುದಿಲ್ಲ. ಸಂರಕ್ಷಕರು ಸಾಮಾನ್ಯವಾಗಿ ಬಳಸುವುದು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು, ಅಸಿಟೋನಿನಲ್ಲಿ ಶೇ. 5ರಿಂದ 10ರಷ್ಟು ಕರಗಿಸಿ. ಬೇಕೆಂದಾಗ ಅಸಿಟೋನಿನಲ್ಲೇ ಬಿಡಿಸಬಹುದು. ತೇವವಿರುವ ಮೂಳೆಗೆ ಹಚ್ಚಿದರೆ ಬೆಳ್ಳಗೆ ಪೊರೆ ಕಟ್ಟಿ ಒಳಗಿಳಿಯದೆ ನಿಲ್ಲುತ್ತದೆ, ಹಾಗಾಗಿ ನೆರಳಿನಲ್ಲಿ ನಿಧಾನ ಒಣಗಿಸಿದ ಮೇಲೆಯೇ ಹಚ್ಚಬೇಕು. ಕಾಲನಿರ್ಣಯಕ್ಕೂ ಡಿಎನ್‌ಎಗೂ ಬೇಕಾದ ತುಂಡನ್ನು ಹಚ್ಚುವ ಮೊದಲೇ ಬೇರೆ ತೆಗೆದಿಟ್ಟು, ಯಾವ ಮೂಳೆಗೆ ಏನು ಹಚ್ಚಿದೆ ಎಂದು ಚೀಟಿಯಲ್ಲಿ ಬರೆಯಬೇಕು. ಬುರುಡೆಯಂಥದ್ದನ್ನು ಮಣ್ಣಿನ ಗಟ್ಟಿ ಸಮೇತ ಎತ್ತಿ ಒಳಗೆ ಬಿಡಿಸುವುದು ಎಷ್ಟೋ ಮೇಲು.

ತೊಳೆಯೋದು, ಕಟ್ಟಿಡೋದು ಹೇಗೆ?

ಡಿಎನ್‌ಎಗೆ ಆರಿಸಿದ್ದನ್ನು ತೊಳೆಯಲೇಬಾರದು. ಗಟ್ಟಿ ಮೂಳೆಗಳನ್ನು ಮಾತ್ರ ತಣ್ಣೀರಿನಲ್ಲಿ, ನೆನೆಸದೆ, ಮೆತ್ತನೆ ಬ್ರಷ್ಷಿನಿಂದ, ಜರಡಿಯ ಮೇಲೆ ಹಿಡಿದು ತೊಳೆಯುತ್ತಾರೆ. ಹಲ್ಲಿನ ಮೇಲಿನ ಪಾಚಿಗಲ್ಲನ್ನು ಉಜ್ಜಿ ತೆಗೆಯಬಾರದು. ನೋಡಲು ಕೊಳಕು, ಆದರೆ ತಿಂದ ಸಸ್ಯಗಳ ಪಿಷ್ಟದ ಕಣ, ಬಾಯಿಯ ಬ್ಯಾಕ್ಟೀರಿಯಾಗಳ ಡಿಎನ್‌ಎ ಅದರೊಳಗೇ ಇರುವುದು. ಬಿಸಿಲಿಗಾಗಲಿ ಹೀಟರಿಗಾಗಲಿ ಇಟ್ಟರೆ ಬಿರುಕು ಖಚಿತ. ನೆರಳಿನಲ್ಲಿ ಬಲೆಯ ತಟ್ಟೆಯ ಮೇಲೆ ಕೆಲವು ದಿನ ಆರಲಿ. ಪೂರ್ತಿ ಆರಿದ ಮೇಲೆ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಭಾರದ್ದು ಅಡಿಗೆ ಹಗುರದ್ದು ಮೇಲೆ ಬರುವಂತೆ ಪೆಟ್ಟಿಗೆಯಲ್ಲಿಡಿ. ಬುರುಡೆಗೆ ಬೇರೆಯೇ ಪೆಟ್ಟಿಗೆ.

ಒಂದೇ ಗುಂಡಿಯಲ್ಲಿ ಎಲ್ಲ ಕಲಸಿಹೋಗಿದ್ರೆ ಎಷ್ಟು ಜನರದು ಅಂತ ಲೆಕ್ಕ ಹಾಕೋದು ಹೇಗೆ?

ಅತಿ ಹೆಚ್ಚು ಬಾರಿ ಬರುವ ಮೂಳೆಯನ್ನು, ಒಂದೇ ಬದಿಯದನ್ನು ಎಣಿಸುತ್ತಾರೆ. ಎಡ ತೊಡೆ ಮೂಳೆ ಏಳು, ಬಲದ್ದು ಐದು ಇದ್ದರೆ ಕನಿಷ್ಠ ಏಳು ಜನ. ಚೂರುಗಳಾಗಿದ್ದರೆ ಒಂದೇ ಗುರುತಿನ ಭಾಗವನ್ನು, ಉದಾಹರಣೆಗೆ ಎಡ ತೊಡೆ ಮೂಳೆಯ ತಲೆಯನ್ನು ಮಾತ್ರ ಎಣಿಸಬೇಕು, ಇಲ್ಲವಾದರೆ ಒಬ್ಬರೇ ಇಬ್ಬರಾಗುತ್ತಾರೆ. ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯಲ್ಲಿ 2013ರಿಂದ ಸಿಕ್ಕ ಹೋಮೋ ನಲೇಡಿ ಎಂಬ ಅಳಿದ ಮಾನವ ಜಾತಿಯ ಒಂದೂವರೆ ಸಾವಿರಕ್ಕೂ ಹೆಚ್ಚು ತುಣುಕುಗಳು ಕನಿಷ್ಠ 15 ಜನರವು ಎಂದದ್ದು ಈ ಬಗೆಯ ಲೆಕ್ಕದಿಂದ. ‘ಕನಿಷ್ಠ’ ಎಂಬುದನ್ನು ಬಿಟ್ಟು ಬರೆಯುವ ಸುದ್ದಿಗಳನ್ನು ನಂಬಬೇಡಿ.

## ಮೂಳೆಯನ್ನು ಓದುವುದು

ಗಂಡೋ ಹೆಣ್ಣೋ ಅಂತ ಖಚಿತವಾಗಿ ಹೇಳಬಹುದಾ?

ವಯಸ್ಕರ ಸೊಂಟದ ಮೂಳೆ ಪೂರ್ತಿ ಇದ್ದರೆ ನೂರರಲ್ಲಿ ಸುಮಾರು 95 ಬಾರಿ ಸರಿಯಾಗಿ ಹೇಳಬಹುದು. ಹೆಣ್ಣಿನಲ್ಲಿ ಮುಂಭಾಗದ ಕೆಳಕೋನ ಅಗಲ, ಹಿಂಭಾಗದ ಕಚ್ಚು ತೆರೆದಂತಿರುತ್ತದೆ. ಬುರುಡೆ ಮಾತ್ರ ಇದ್ದರೆ ಭರವಸೆ ಕಡಿಮೆ: ಹುಬ್ಬಿನ ದಿಂಡು, ಕಿವಿಯ ಹಿಂದಿನ ಉಬ್ಬು ಜನಸಮೂಹದಿಂದ ಜನಸಮೂಹಕ್ಕೆ ಬದಲಾಗುತ್ತವೆ. ಮಕ್ಕಳ ಮೂಳೆಯಲ್ಲಿ ಈ ವ್ಯತ್ಯಾಸಗಳು ಇನ್ನೂ ಮೂಡಿರುವುದಿಲ್ಲ. ಅಲ್ಲಿ ಎನಾಮೆಲ್‌ನ ಅಮೆಲೋಜೆನಿನ್ ಪ್ರೋಟೀನ್ ನೆರವಿಗೆ ಬರುತ್ತದೆ. ಅದರ ವೈ ರೂಪ (ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವಿನದು) ಸಿಕ್ಕರೆ ಗಂಡು, ಸಿಗದಿದ್ದರೆ ಹೆಣ್ಣು ಇರಬಹುದು ಅಥವಾ ಪ್ರೋಟೀನ್ ಸಾಕಷ್ಟು ಉಳಿದಿಲ್ಲದಿರಬಹುದು.

ಜೊತೆಗಿಟ್ಟ ವಸ್ತು ನೋಡಿ ಹೇಳುವುದು ಮಾತ್ರ ಅಪಾಯ. ವೇಲ್ಸ್‌ನಲ್ಲಿ 1823ರಲ್ಲಿ ಸಿಕ್ಕ, ಕಾವಿ ಬಣ್ಣ ಹತ್ತಿದ, ಆಭರಣ ಜೊತೆಗಿದ್ದ ‘ಪ್ಯಾವಿಲ್ಯಾಂಡ್‌ನ ಕೆಂಪು ಮಹಿಳೆ’ ನಿಜಕ್ಕೆ ಯುವಕ. ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ಅಗೆದ, ಆಯುಧಗಳಿದ್ದ ಸಮಾಧಿಯ ‘ವೈಕಿಂಗ್ ಯೋಧ’ ಹೆಣ್ಣು ಎಂದು 2017ರ ಡಿಎನ್‌ಎ ಪರೀಕ್ಷೆ ತೋರಿಸಿತು.

ಸಾಯುವಾಗ ವಯಸ್ಸೆಷ್ಟು ಅಂತ ಹೇಗೆ ಹೇಳ್ತಾರೆ?

ಮಕ್ಕಳಲ್ಲಿ ಹಲ್ಲು ಬೆಳೆದ ಹಂತ ನೋಡಿ ಒಂದೆರಡು ವರ್ಷದ ಅಂತರದಲ್ಲಿ ಹೇಳುತ್ತಾರೆ. ಹದಿಹರೆಯದಲ್ಲಿ ಉದ್ದ ಮೂಳೆಗಳ ತುದಿ ಕೂಡಿಕೊಳ್ಳುವ ಕ್ರಮ ನೆರವಾಗುತ್ತದೆ. ಎಲ್ಲಕ್ಕೂ ತಡವಾಗಿ ಕೂಡುವುದು ಕಾಲರ್ ಮೂಳೆಯ ಎದೆಕಡೆಯ ತುದಿ, ಮೂವತ್ತರ ಆಸುಪಾಸಿಗೆ. ಅಲ್ಲಿಂದಾಚೆ ಲೆಕ್ಕವೆಲ್ಲ ಸವೆತದ ಮೇಲೆ, ಅಂದಾಜು ಸಡಿಲವಾಗುತ್ತದೆ. ಸೊಂಟದ ಮುಂಗೀಲಿನ ಮೇಲ್ಮೈಯನ್ನು ಆರು ಹಂತಗಳಾಗಿ ವಿಂಗಡಿಸುವ ವಿಧಾನವೊಂದಿದೆ. ಗಂಡಸರಲ್ಲಿ ಅದರ ಕೊನೆಯ ಹಂತದ ವ್ಯಾಪ್ತಿ 34ರಿಂದ 86 ವರ್ಷ! ಹಾಗಾಗಿ ‘47 ವರ್ಷದ ವ್ಯಕ್ತಿ’ ಎಂದು ಕಂಡರೆ ಆ ಅಂಕಿ ಎಲ್ಲಿಂದ ಬಂತೆಂದು ಕೇಳಿ.

ಎತ್ತರ ಲೆಕ್ಕ ಹಾಕೋ ಸೂತ್ರ ಇದೆಯಂತೆ?

ಇದೆ. ತೊಡೆ ಮೂಳೆ ಎತ್ತರದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಮೂಳೆಯನ್ನು ಅಳತೆ ಹಲಗೆಯ ಮೇಲಿಟ್ಟು ಗರಿಷ್ಠ ಉದ್ದ ತೆಗೆಯಬೇಕು. 1952ರ ಟ್ರಾಟರ್–ಗ್ಲೆಸರ್ ಸೂತ್ರಗಳಲ್ಲಿ ಅಮೆರಿಕದ ಬಿಳಿಯ ಗಂಡಸರಿಗೆ ಉದ್ದವನ್ನು 2.38ರಿಂದ ಗುಣಿಸಿ 61.41 ಕೂಡಿಸುತ್ತಾರೆ, ಕಪ್ಪು ಗಂಡಸರಿಗೆ 2.11ರಿಂದ ಗುಣಿಸಿ 70.35. ಅದೇ 45 ಸೆಂ.ಮೀ. ಮೂಳೆಗೆ ಮೊದಲನೆಯದು 168.5 ಸೆಂ.ಮೀ., ಎರಡನೆಯದು 165.3 ಸೆಂ.ಮೀ. ಕೊಡುತ್ತದೆ. ಒಂದು ಜನಸಮೂಹದ ಸೂತ್ರವನ್ನು ಐದು ಸಾವಿರ ವರ್ಷ ಹಿಂದಿನ ಇನ್ನೊಂದಕ್ಕೆ ಹಾಕುವಾಗ ಆಗುವ ತಪ್ಪಿನ ಅಳತೆ ಇದರಲ್ಲೇ ಕಾಣುತ್ತದೆ. ಸೂತ್ರದ ಸ್ವಂತ ತಪ್ಪು 3–4 ಸೆಂ.ಮೀ. ಬೇರೆ.

ಯಾವ ರೋಗ ಇತ್ತು, ಹೇಗೆ ಸತ್ತರು ಅಂತ ಗೊತ್ತಾಗುತ್ತಾ?

ಹೇಗೆ ಸತ್ತರು ಎಂಬುದು ಬಹುತೇಕ ಗೊತ್ತಾಗುವುದಿಲ್ಲ. ಕಾಲರಾ, ಪ್ಲೇಗ್, ಜ್ವರಗಳು ಕೆಲವೇ ದಿನದಲ್ಲಿ ಕೊಲ್ಲುತ್ತವೆ, ಮೂಳೆಗೆ ಪ್ರತಿಕ್ರಿಯಿಸಲು ವಾರಗಳಾದರೂ ಬೇಕು. ಮೂಳೆಯಲ್ಲಿ ಉಳಿಯುವುದು ದೀರ್ಘಕಾಲ ಕಾಡಿದ ರೋಗ: ಕ್ಷಯದಲ್ಲಿ ಬೆನ್ನುಮೂಳೆಯ ಮಣಿ ಕುಸಿದು ಗೂನು, ಕುಷ್ಠದಲ್ಲಿ ಮೂಗಿನ ರಂಧ್ರದ ಅಂಚು ಸವೆತ, ಮೇಲಿನ ಬಾಚಿಹಲ್ಲುಗಳ ಬುಡದ ಮೂಳೆ ನಷ್ಟ, ಬೆರಳಿನ ಮೂಳೆ ಮೊನಚಾಗುವುದು. ರಾಜಸ್ಥಾನದ ಬಾಲಾಥಲ್‌ನಲ್ಲಿ ಸಿಕ್ಕ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಅಸ್ಥಿಪಂಜರದಲ್ಲಿ ಕುಷ್ಠದ ಗುರುತುಗಳಿವೆ ಎಂದು 2009ರಲ್ಲಿ ಪ್ರಕಟವಾಯಿತು. ಪ್ಲೇಗಿಗೆ ಹಲ್ಲಿನ ಒಳಗಿನ ತಿರುಳಿನ ಗೂಡಿನಿಂದ ರೋಗಾಣುವಿನ ಡಿಎನ್‌ಎ ತೆಗೆಯಬೇಕು. 1348–50ರ ಲಂಡನ್ ಸಮಾಧಿಗಳಿಂದ ಹಾಗೆ ತೆಗೆದಿದ್ದಾರೆ.

ಇದರಲ್ಲೊಂದು ತಿರುವಿದೆ. ಮೂಳೆಯ ಮೇಲೆ ರೋಗದ ಗುರುತು ಇದ್ದವರು ಅಷ್ಟು ಕಾಲ ತಡೆದುಕೊಂಡು ಬದುಕಿದ್ದವರು. ಗುರುತೇ ಇಲ್ಲದ ‘ಆರೋಗ್ಯವಂತ’ ಮೂಳೆ, ರೋಗ ತಗುಲಿದ ಕೂಡಲೇ ಸತ್ತವರದೂ ಆಗಿರಬಹುದು.

ಗಾಯ ನೋಡುವಾಗ ಮುರಿದ ಅಂಚಿನ ಮೇಲೆ ಬೆರಳಿಟ್ಟು ಯೋಚಿಸಿ. ದುಂಡಗೆ ನುಣುಪಾಗಿದ್ದರೆ ವಾಸಿಯಾಗುತ್ತಿದ್ದ ಗಾಯ. ಚೂಪಾಗಿ, ಓರೆಯಾಗಿ ಸೀಳಿ, ಅಂಚಿನ ಬಣ್ಣ ಉಳಿದ ಮೂಳೆಯಂತೆಯೇ ಇದ್ದರೆ ಸಾವಿನ ಆಸುಪಾಸಿನದು, ಮೂಳೆ ಇನ್ನೂ ಹಸಿಯಾಗಿದ್ದಾಗಿನದು. ನೆಟ್ಟಗೆ, ತರಿತರಿಯಾಗಿ ಮುರಿದು ಅಂಚು ಬಿಳಿಚಿದ್ದರೆ ಅದು ಅಗೆದವರ ಕೈಚಳಕ.

ಸುಟ್ಟ ಮೂಳೆಯಿಂದ ಏನಾದ್ರೂ ತಿಳಿಯುತ್ತಾ?

ತಿಳಿಯುತ್ತದೆ. ಕಡಿಮೆ ಶಾಖದಲ್ಲಿ ಕಪ್ಪು, ಹೆಚ್ಚಾದಂತೆ ಬೂದು, ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಿಳಿ. ಅಡ್ಡಡ್ಡ ಬಾಗಿದ ಬಿರುಕುಗಳಿದ್ದರೆ ಮಾಂಸ ಇದ್ದಾಗಲೇ ಸುಟ್ಟದ್ದೆಂದು ಊಹಿಸುತ್ತಾರೆ. ಮೂಳೆ ಕುಗ್ಗಿರುವುದರಿಂದ ಎತ್ತರದ ಲೆಕ್ಕ ಹಾಕಲಾಗದು, ಡಿಎನ್‌ಎ ಆಸೆ ಬಿಡಬೇಕು. ಆದರೆ ಪೂರ್ತಿ ಬೆಳ್ಳಗೆ ಸುಟ್ಟದ್ದರ ಖನಿಜದೊಳಗಿನ ಇಂಗಾಲದಿಂದ ಕಾಲನಿರ್ಣಯ ಸಾಧ್ಯ. ಆಸ್ಟ್ರೇಲಿಯಾದ ಮುಂಗೋ ಕೆರೆಯ ಬಳಿ 1968ರಲ್ಲಿ ಗುರುತಿಸಿದ ಮಹಿಳೆಯ ಅವಶೇಷ ಹೀಗೆ ಸುಟ್ಟದ್ದು, ಸುಮಾರು ನಲವತ್ತು ಸಾವಿರ ವರ್ಷ ಹಿಂದಿನದು.

## ಪ್ರಯೋಗಾಲಯದಲ್ಲಿ

ಕಾರ್ಬನ್ ಡೇಟಿಂಗ್ ಮಾಡಿದ್ರೆ ಸಾಕಲ್ವಾ?

ಐವತ್ತು ಸಾವಿರ ವರ್ಷದೊಳಗಿನದಕ್ಕೆ, ಕೊಲಾಜೆನ್ ಉಳಿದಿದ್ದರೆ, ಹೌದು. ಸತ್ತ ಮೇಲೆ ಕಡಿಮೆಯಾಗುತ್ತಾ ಹೋಗುವ ವಿಕಿರಣಶೀಲ ಇಂಗಾಲ-14ರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯಲು ಹಿಡಿಯುವ ಕಾಲ, 5,730 ವರ್ಷ. ಐವತ್ತು ಸಾವಿರ ವರ್ಷಕ್ಕೆ ಉಳಿಯುವುದು ಸುಮಾರು ಶೇ. 0.2. ಒಂದು ಗ್ರಾಂ ಆಸುಪಾಸಿನ ಗಟ್ಟಿ ಮೂಳೆ ಸಾಕು. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಖನಿಜ ಕರಗಿಸಿ, ಕ್ಷಾರದಿಂದ ಮಣ್ಣಿನ ಹ್ಯೂಮಿಕ್ ಅಂಶ (ಕೊಳೆತ ಸಸ್ಯಗಳಿಂದ ಬಂದದ್ದು) ತೊಳೆದು, ಉಳಿದ ಕೊಲಾಜೆನನ್ನು ಜೆಲಟಿನ್ ಮಾಡಿ ಸೋಸುತ್ತಾರೆ. ಅದರ ಇಂಗಾಲ–ಸಾರಜನಕ ಪರಮಾಣು ಅನುಪಾತ 2.9ರಿಂದ 3.6ರ ನಡುವೆ ಇರಬೇಕು. ಹೊರಗಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ.

ಕಲಬೆರಕೆ ಮಾಡುವ ಅನಾಹುತಕ್ಕೆ ಒಂದು ಲೆಕ್ಕ: ನಿಜಕ್ಕೆ ನಲವತ್ತು ಸಾವಿರ ವರ್ಷದ ಮಾದರಿಗೆ ಶೇ. 1ರಷ್ಟು ಇಂದಿನ ಇಂಗಾಲ ಸೇರಿದರೆ ಅದು ಸುಮಾರು ಮೂವತ್ತಮೂರು ಸಾವಿರ ಎಂದು ತೋರಿಸುತ್ತದೆ. ಸಮುದ್ರದ ಆಹಾರವನ್ನೇ ತಿಂದವರದು ತಿರುಗಾಮುರುಗ, ಕೆಲವು ನೂರು ವರ್ಷ ಹೆಚ್ಚು ಹಳೆಯದಾಗಿ ಕಾಣುತ್ತದೆ.

ಹಾಗಾದ್ರೆ ಲಕ್ಷಾಂತರ ವರ್ಷ ಅಂತ ಯಾವ ಆಧಾರದ ಮೇಲೆ ಹೇಳ್ತಾರೆ?

ಹೆಚ್ಚಾಗಿ ಮೂಳೆಯದಲ್ಲ, ಅದರ ಮೇಲಿನ ಕೆಳಗಿನ ಪದರಗಳ ಕಾಲ ಕಂಡುಹಿಡಿಯುತ್ತಾರೆ. ಜ್ವಾಲಾಮುಖಿ ಬೂದಿಯ ಹರಳುಗಳಿಗೆ ಆರ್ಗಾನ್ ವಿಧಾನ, ಗುಹೆಯ ಸುಣ್ಣದ ಪದರಕ್ಕೆ ಯುರೇನಿಯಂ ವಿಧಾನ, ಮರಳಿನ ಕಣ ಕೊನೆಯ ಬಾರಿ ಬೆಳಕು ಕಂಡ ಕಾಲಕ್ಕೆ ಪ್ರಕಾಶ ವಿಧಾನ. ಲೂಸಿಯ ಸುಮಾರು 32 ಲಕ್ಷ ವರ್ಷ ಬಂದದ್ದು ಬೂದಿಯ ಪದರದಿಂದ. ನಲೇಡಿಗೆ ಹಲ್ಲನ್ನೂ ಸುಣ್ಣದ ಪದರವನ್ನೂ ಪರೀಕ್ಷಿಸಿ 2017ರಲ್ಲಿ 2,36,000ರಿಂದ 3,35,000 ವರ್ಷ ಎಂದರು. ಅದಕ್ಕೆ ಮುಂಚೆ ದೇಹರಚನೆ ನೋಡಿ ಹತ್ತಾರು ಲಕ್ಷ ವರ್ಷ ಇರಬಹುದೆಂದು ಊಹಿಸಿದವರಿದ್ದರು.

ಪದರ ತಪ್ಪಿದರೆ ಎಲ್ಲವೂ ತಪ್ಪು. ಫ್ಲೋರೆಸ್‌ನ ಪುಟ್ಟ ಮಾನವ 18 ಸಾವಿರ ವರ್ಷ ಹಿಂದಿನವನೆಂದು ಮೊದಲು ಹೇಳಿದರು. ಹಳೆಯ ಪದರ ಕೊಚ್ಚಿಹೋಗಿ ಆ ತಗ್ಗಿನಲ್ಲಿ ಹೊಸ ಮಣ್ಣು ತುಂಬಿತ್ತು, ಮಾದರಿಗಳು ಬಂದದ್ದು ಆ ಹೊಸ ಮಣ್ಣಿನಿಂದ. 2016ರಲ್ಲಿ ಮೂಳೆಗಳ ಕಾಲವನ್ನು 60 ಸಾವಿರದಿಂದ ಒಂದು ಲಕ್ಷ ವರ್ಷ ಎಂದು ತಿದ್ದಿದರು.

ಅಷ್ಟೊಂದು ಮೂಳೆ ಸಿಕ್ಕರೂ ಡಿಎನ್‌ಎ ಸಿಗಲಿಲ್ಲ ಅಂತಾರಲ್ಲ, ಯಾಕೆ?

ಶಾಖ. ಡಿಎನ್‌ಎ ಎಳೆ ಕಾಲ ಕಳೆದಂತೆ ತುಂಡಾಗುತ್ತದೆ, ಬಿಸಿ ಮತ್ತು ತೇವದಲ್ಲಿ ಬಹಳ ಬೇಗ. ಸ್ಪೇನಿನ ಸೀಮಾ ದೆ ಲೋಸ್ ವೆಸೋಸ್ ಗುಹೆಯ ತಂಪಿನಲ್ಲಿ 4,30,000 ವರ್ಷದ ಮೂಳೆಯಿಂದಲೂ ಸಿಕ್ಕಿದೆ. ಹರಿಯಾಣದ ಸಿಂಧೂ ನಾಗರಿಕತೆಯ ನೆಲೆ ರಾಖಿಗಢಿಯಲ್ಲಿ 61 ಮಾದರಿ ಪರೀಕ್ಷಿಸಿದರೂ ಜೀನೋಮ್ ವಿಶ್ಲೇಷಣೆಗೆ ಒದಗಿದ್ದು ಒಬ್ಬ ಹೆಣ್ಣಿನದು ಮಾತ್ರ. ಅದು 2019ರಲ್ಲಿ ಪ್ರಕಟವಾಯಿತು.

ಎಲ್ಲಿ ಹುಡುಕಬೇಕು ಎಂಬುದೂ ಮುಖ್ಯ. ಒಳಗಿವಿಯನ್ನು ಸುತ್ತುವರಿದ ಪೆಟ್ರಸ್ ಮೂಳೆ ದೇಹದ ಮೂಳೆಗಳಲ್ಲೇ ಅತಿ ಗಟ್ಟಿ, ಅಲ್ಲಿ ಪಕ್ಕೆಲುಬಿಗಿಂತ ಹಲವು ಪಟ್ಟು ಡಿಎನ್‌ಎ ಉಳಿಯುತ್ತದೆ. ಕೆಲವು ಹತ್ತು ಮಿಲಿಗ್ರಾಂ ಪುಡಿ ಸಾಕು. ಸಿಗುವ ತುಣುಕುಗಳು ಸಾಮಾನ್ಯವಾಗಿ ನೂರು ಬೇಸ್ ಜೋಡಿಗಿಂತ (ಡಿಎನ್‌ಎ ಎಳೆಯ ‘ಅಕ್ಷರ’ ಜೋಡಿ) ಚಿಕ್ಕವು, ತುದಿಗಳಲ್ಲಿ ಸೈಟೊಸಿನ್ ಎಂಬ ‘ಅಕ್ಷರ’ ಕೆಟ್ಟಿರುತ್ತದೆ. ಈ ಕೆಡುಕೇ ಹಳೆಯದೆಂಬುದಕ್ಕೆ ಪುರಾವೆ. ಉದ್ದನೆಯ, ಅಚ್ಚುಕಟ್ಟಾದ ಎಳೆಗಳು ಸಿಕ್ಕರೆ ಅದು ಅಗೆದವರದ್ದೇ ಇರಬೇಕು. ಕೈಗವಸು, ಮಾಸ್ಕ್ ಹಾಕಿ ತೆಗೆದು, ತೊಳೆಯದೆ ತಂಪಿನಲ್ಲಿಡಿ ಎನ್ನುವುದು ಇದಕ್ಕೇ.

ಏನು ತಿಂದರು, ಎಲ್ಲಿ ಹುಟ್ಟಿದರು ಅನ್ನೋದು ಮೂಳೆಯಲ್ಲಿ ಬರೆದಿರುತ್ತಾ?

ಒಂದು ಮಟ್ಟಿಗೆ. ಜೋಳ, ರಾಗಿಯಂಥ ಬೆಳೆಗಳು ಮತ್ತು ಅಕ್ಕಿ, ಗೋಧಿಯಂಥವು ಇಂಗಾಲ-13ನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಡಿಯುತ್ತವೆ, ಆ ವ್ಯತ್ಯಾಸ ತಿಂದವರ ಕೊಲಾಜೆನ್‌ನಲ್ಲಿ ಉಳಿಯುತ್ತದೆ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಏರಿದಂತೆ ಸಾರಜನಕ-15 ಸಾವಿರಕ್ಕೆ 3ರಿಂದ 5ರಷ್ಟು ಏರುತ್ತದೆ. ಎದೆಹಾಲು ಕುಡಿಯುವ ಮಗುವಿನಲ್ಲೂ. ಹೋಲಿಕೆಗೆ ಅದೇ ಜಾಗದ ಪ್ರಾಣಿ ಮೂಳೆ ಇಲ್ಲದಿದ್ದರೆ ಈ ಅಂಕಿಗಳಿಗೆ ಬೆಲೆಯಿಲ್ಲ.

ಹುಟ್ಟಿದ ನೆಲಕ್ಕೆ ಎನಾಮೆಲ್‌ನ ಸ್ಟ್ರಾನ್ಷಿಯಂ ನೋಡುತ್ತಾರೆ; ಬಂಡೆಯಿಂದ ನೀರು, ಆಹಾರದ ಮೂಲಕ ಹಲ್ಲಿಗೆ ಸೇರುವ ಈ ಧಾತುವಿನ ಐಸೊಟೋಪ್‌ಗಳ ಅನುಪಾತ ನೆಲದಿಂದ ನೆಲಕ್ಕೆ ಬೇರೆ. ಮೊದಲ ದವಡೆಹಲ್ಲಿನ ಎನಾಮೆಲ್ ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ ಕಟ್ಟಿ ಆಮೇಲೆ ಬದಲಾಗದು. ಅಲ್ಲಿನ ಅನುಪಾತ ಸಮಾಧಿಯ ನೆಲದ್ದಕ್ಕೆ ಹೊಂದದಿದ್ದರೆ ಆ ವ್ಯಕ್ತಿ ಬೇರೆಡೆಯಿಂದ ಬಂದವರು. ಹೊಂದಿದರೆ ಅಲ್ಲಿಯವರೇ ಎಂದು ಸಾಧಿಸಿದಂತಾಗಲಿಲ್ಲ, ಒಂದೇ ಬಗೆಯ ಬಂಡೆ ನೂರಾರು ಕಿಲೋಮೀಟರ್ ಹರಡಿರುತ್ತದೆ.

ಕೆಲವೇ ಮಾದರಿ ನೋಡಿ ಇಡೀ ಗುಂಪಿನ ಕಥೆ ಹೇಳಬಹುದಾ?

ಹಿಮಾಲಯದ ರೂಪಕುಂಡ ಇದಕ್ಕೆ ಉತ್ತರ. ಆ ಕೆರೆಯ ಮೂಳೆಗಳೆಲ್ಲ ಒಂಬತ್ತನೇ ಶತಮಾನದ ಒಂದೇ ಆಲಿಕಲ್ಲು ಮಳೆಗೆ ಸಿಕ್ಕವರದೆಂದು ಬಹುಕಾಲ ನಂಬಿದ್ದರು. 2019ರಲ್ಲಿ 38 ಜನರ ಡಿಎನ್‌ಎ ಪ್ರಕಟವಾದಾಗ 23 ಮಂದಿ ದಕ್ಷಿಣ ಏಷ್ಯಾ ಮೂಲದವರು, ಅವರೂ 7ರಿಂದ 10ನೆಯ ಶತಮಾನದ ನಡುವೆ ಬೇರೆ ಬೇರೆ ಕಾಲದಲ್ಲಿ ಸತ್ತವರು. 14 ಮಂದಿ ಪೂರ್ವ ಮೆಡಿಟರೇನಿಯನ್ ಮೂಲದವರು, ಒಬ್ಬರು ಆಗ್ನೇಯ ಏಷ್ಯಾದವರು. ಈ 15 ಜನ ಸತ್ತದ್ದು 17ರಿಂದ 20ನೆಯ ಶತಮಾನದ ನಡುವೆ. ಕೆರೆಯ ಅಂಚಿನ ಮೂಳೆಗಳು ಬಂಡೆ ಕುಸಿತ ಮತ್ತು ಜನರ ಓಡಾಟದಿಂದ ಕದಡಿಹೋಗಿರುವ ಕಾರಣ ಯಾವುದು ಯಾರ ಜೊತೆ ಬಂತೆಂದು ನೆಲದಿಂದ ಹೇಳುವ ದಾರಿ ಮುಚ್ಚಿದೆ.

ಬುರುಡೆಯಿಂದ ಮುಖ ಮಾಡಿ ತೋರಿಸ್ತಾರಲ್ಲ, ಅದು ಎಷ್ಟು ನಿಜ?

ಮುಖದ ಉದ್ದಗಲ, ಕಣ್ಣುಗಳ ಅಂತರ, ದವಡೆಯ ಆಕಾರ ಬುರುಡೆಯಿಂದ ಬರುತ್ತದೆ. ಮೂಗಿನ ತುದಿ, ತುಟಿ, ಕಿವಿ ಕಲಾವಿದರ ಊಹೆ. ಡಿಎನ್‌ಎ ಇದ್ದರೆ ಕಣ್ಣು, ಕೂದಲು, ಚರ್ಮದ ಬಣ್ಣಕ್ಕೆ ಸಂಭವನೀಯತೆ ಸಿಗುತ್ತದೆ, ಖಚಿತತೆಯಲ್ಲ.

ಈ ಮೂಳೆಗಳನ್ನು ಮ್ಯೂಸಿಯಂನಲ್ಲೇ ಇಟ್ಟುಕೊಳ್ಳಬೇಕಾ, ಅವರವರ ಜನರಿಗೆ ಕೊಡಬೇಕಾ?

ಕಾನೂನು ದೇಶಕ್ಕೊಂದು. ಅಮೆರಿಕದಲ್ಲಿ 1990ರ ಕಾಯ್ದೆ ಮೂಲನಿವಾಸಿ ಸಮುದಾಯಗಳಿಗೆ ಮರಳಿಸಲು ದಾರಿ ಮಾಡಿತು. 1996ರಲ್ಲಿ ಕೊಲಂಬಿಯಾ ನದಿಯ ಬಳಿ ಸಿಕ್ಕ ಕೆನ್ನೆವಿಕ್ ಮಾನವನನ್ನು ಬುರುಡೆಯ ಆಕಾರ ನೋಡಿ ಮೂಲನಿವಾಸಿಯಲ್ಲ ಎಂದವರಿದ್ದರು, ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. 2015ರ ಡಿಎನ್‌ಎ ಆ ವಾದವನ್ನು ಅಲ್ಲಗಳೆಯಿತು, 2017ರಲ್ಲಿ ಸಮುದಾಯಗಳು ಸಂಸ್ಕಾರ ಮಾಡಿ ಹೂಳಿದವು. ಅದೇ ವರ್ಷ ಆಸ್ಟ್ರೇಲಿಯಾದ ಅದೇ ಮುಂಗೋ ಕೆರೆಯ ಬಳಿ ಸಿಕ್ಕಿದ್ದ ಗಂಡಸು, ‘ಮುಂಗೋ ಮಾನವ’ನೂ ತನ್ನ ನೆಲಕ್ಕೆ ಮರಳಿದ.

ನಮ್ಮ ಅಭಿಪ್ರಾಯದಲ್ಲಿ ಮಾತುಕತೆ ಮಾದರಿ ಕೊರೆಯುವ ಮೊದಲೇ ನಡೆಯಬೇಕು. ಎಷ್ಟು ಗ್ರಾಂ, ಯಾವ ಮೂಳೆಯಿಂದ, ಯಾವ ಪ್ರಶ್ನೆಗೆ, ಉಳಿದ ಪುಡಿ ಎಲ್ಲಿಗೆ ಎಂಬುದು ಬರಹದಲ್ಲಿರಲಿ. ಒಂದು ಬದಿಯ ಪೆಟ್ರಸ್ ಕೊರೆದರೆ ಇನ್ನೊಂದು ಬದಿಯದನ್ನು ಮುಟ್ಟದೆ ಉಳಿಸಿ. ಕೊರೆಯುವ ಮುನ್ನ ಸಿ.ಟಿ. ಸ್ಕ್ಯಾನ್ ಮತ್ತು ಅಳತೆಗಳು ಮುಗಿದಿರಬೇಕು. ಒಂದೇ ಮೂಳೆಯನ್ನು ಮೂರು ತಂಡಗಳು ಒಂದೇ ಪ್ರಶ್ನೆಗೆ ಮೂರು ಸಲ ಕೊರೆಯುವುದಕ್ಕೆ ನೆಪವೇ ಉಳಿಯಬಾರದು. ಫಲಿತಾಂಶ ಬಂದಾಗ ಪತ್ರಿಕೆಗೆ ಹೋಗುವ ಮೊದಲು ಆ ಸಮುದಾಯದವರಿಗೆ, ಅವರ ಭಾಷೆಯಲ್ಲಿ ತಿಳಿಸಿ.